ಹಳೇ ಲ್ಯಾಪ್‌ಟಾಪಿಗೊಂದು ಕಾರ್ಡು ಹುಡುಕಿದ್ದು

ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವರಿಗೆ ನಗೋಕೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಕೂತರೆ ಸಾಕು. ಸಿಂಗಸಂದ್ರದಲ್ಲಿ ನನ್ನ ಅಂಗಡಿ ಶುರುವಾಗಿ ಎರಡು ವರ್ಷ ಆಗಿತ್ತು. ಎಲೆಕ್ಟ್ರಾನಿಕ್ ಸಿಟಿಗೆ ಮೇಲುಸೇತುವೆ ಆಗಿತ್ತು, ಆದರೆ ವಿಡಿಯೋ ಕಾಲ್ ಮಾಡೋ ಫೋನು ಇನ್ನೂ ಎಲ್ಲರ ಜೇಬಿಗೆ ಬಂದಿರಲಿಲ್ಲ. ಆಗಿನ ಮಾತು ಇದು.

ಯಾವಾಗ ಬರ್ತಾರೆ?

ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನ ಒಬ್ಬರು ಲ್ಯಾಪ್‌ಟಾಪನ್ನ ಟವೆಲಿನಲ್ಲಿ ಸುತ್ತಿ, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಬಾಗಲಕೋಟೆ ಕಡೆಯವರು. ಪಕ್ಕದಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕ್ರೇನ್ ಆಪರೇಟರ್. ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ನನ್ನನ್ನ ನೋಡಿದರು, ನನ್ನ ಹಿಂದೆ ನೋಡಿದರು, ಟೇಬಲ್ ಕೆಳಗೂ ಒಮ್ಮೆ ಬಗ್ಗಿ ನೋಡಿದರು.

"ಅಕ್ಕಾರ, ರಿಪೇರಿ ಮಾಡಾವ್ರು ಯಾವಾಗ ಬರ್ತಾರ್ರೀ?"

"ಒಂಬತ್ತಕ್ಕೇ ಬಂದಿದ್ದಾರೆ. ನಿಮ್ಮ ಎದುರಿಗೇ ಕೂತಿದ್ದಾರೆ."

ಪಾಪ, ಕಿವಿ ಕೆಂಪಗಾಯಿತು. ವಿಷಯ ಹೇಳಿದರು. ಸೈಟಿನ ಇಂಜಿನಿಯರ್ ಹತ್ತಿರ ತಗೊಂಡ ಹಳೇ ಲ್ಯಾಪ್‌ಟಾಪ್, ಅದರಲ್ಲಿ ವೈಫೈ ಬರ್ತಿಲ್ಲ. ಇನ್ನೆರಡು ವಾರಕ್ಕೆ ಭಾನುವಾರ ಹೆಣ್ಣು ನೋಡೋ ಶಾಸ್ತ್ರ. ಊರಿಗೆ ಹೋಗೋಕೆ ರಜೆ ಸಿಕ್ಕಿಲ್ಲ. ಹುಡುಗಿ ಊರಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳ್ತಾಳೆ, ಅಲ್ಲಿಂದಲೇ ವಿಡಿಯೋದಲ್ಲಿ ಮಾತಾಡೋದು ಅಂತ ಆಗಿದೆ. ಹುಡುಗಿಯ ಅಪ್ಪ ಒಂದು ಷರತ್ತು ಹಾಕಿದ್ದಾರೆ. ಮಗಳು ಬಂದು ಇರಬೇಕಾದ ರೂಮನ್ನೂ ತೋರಿಸಬೇಕು.

"ಅಂದ್ರೆ ಲ್ಯಾಪ್‌ಟಾಪ್ ರೂಮಲ್ಲೇ ಓಡಬೇಕು."

"ಹೌದ್ರಿ. ಇದರಾಗ ನನ್ನ ಲಗ್ನ ಐತ್ರೀ ಅಕ್ಕಾರ, ಹುಷಾರು."

ನಾನು ಒಂದೇ ನೋಟಕ್ಕೆ ಹೇಳಿಬಿಟ್ಟೆ, "ಒಳಗಿನ ವೈಫೈ ಕಾರ್ಡ್ ಸುಟ್ಟಿದೆ. ಬೇರೆ ಹಾಕ್ತೀನಿ, ನಾಳೆ ಬನ್ನಿ." ಹೊರಗಿನಿಂದ ಚುಚ್ಚೋ ವೈಫೈ ಕಡ್ಡಿ ಸಾಕಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಚುಚ್ಚೋಕೆ ತೂತು ಬೇಕಲ್ಲ! ಸೈಟಿನಲ್ಲಿದ್ದ ಲ್ಯಾಪ್‌ಟಾಪು, ಯುಎಸ್‌ಬಿ ತೂತುಗಳಿಗೆ ಇಂಜಿನಿಯರು ನೀಟಾಗಿ ಪ್ಲಾಸ್ಟರಿಂಗ್ ಮುಗಿಸಿದ್ದರು.

ಪಟ್ಟಿಯಲ್ಲಿ ಹೆಸರಿಲ್ಲ

ಸಿಟಿಯ ಅಂಗಡಿಯಿಂದ ಹೊಸ ಕಾರ್ಡ್ ತಂದೆ. ಮಾರಿದವನು "ಎಲ್ಲಾದಕ್ಕೂ ಆಗುತ್ತೆ ಮೇಡಂ, ಕಣ್ಮುಚ್ಕೊಂಡು ಹಾಕಿ" ಅಂದಿದ್ದ. ಕಣ್ಣು ತೆರೆದು ನೋಡಿದರೆ ಹಳೇ ಕಾರ್ಡಿನ ಅರ್ಧ ಉದ್ದ, ಸ್ಕ್ರೂ ತೂತಿಗೆ ಮುಟ್ಟುತ್ತಲೇ ಇಲ್ಲ. ನಾನೇನು ಬಿಡೋಳಾ? ಹಳೇ ಸ್ಕೇಲಿನ ತುಂಡು ಕತ್ತರಿಸಿ ಸೇರಿಸಿ ಕೂರಿಸಿದೆ. ಕ್ರೇನಿನವರ ಮುಂದೆಯೇ ಜಂಬದಿಂದ ಆನ್ ಮಾಡಿದೆ. ಕಪ್ಪು ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಲ್ಯಾಪ್‌ಟಾಪ್ ಅಲ್ಲಿಗೇ ನಿಂತುಬಿಟ್ಟಿತು.

"ಏನಂತೈತ್ರೀ?"

"ಇದು ನಮ್ಮ ಕಾರ್ಡ್ ಅಲ್ಲ, ತೆಗೀರಿ ಅಂತಿದೆ. ಕಂಪನಿಯವರು ಇದರೊಳಗೆ ಒಂದು ಪಟ್ಟಿ ಇಟ್ಟಿರ್ತಾರೆ. ಆ ಪಟ್ಟಿಯಲ್ಲಿರೋ ಕಾರ್ಡ್ ಬಂದ್ರೆ ಮಾತ್ರ ಒಳಗೆ ಬಿಟ್ಕೊಳ್ಳುತ್ತೆ."

ಅವರು ಗಲ್ಲಕ್ಕೆ ಕೈ ಹಚ್ಚಿ ಕೂತರು. "ಅಲ್ರೀ, ಕಾರ್ಡ್ ಚಲೋ ಐತಿ, ಕೆಲಸಾನೂ ಮಾಡತೈತಿ, ಆದ್ರೂ ಮನಿತನ ಬ್ಯಾರೆ ಅಂತ ಬ್ಯಾಡ ಅಂತೈತೇನ್ರೀ ಇದು?"

"ಹೌದು."

"ಹಂಗಾರ ಇದು ಮಷೀನ್ ಅಲ್ರೀ ಅಕ್ಕಾರ, ನಮ್ಮ ಸೋದರಮಾವ!"

ತೂಕಕ್ಕೆ ಬಾರದ ಮಾಲು

ಹಳೇ ಕಾರ್ಡಿನ ಬೆನ್ನ ಮೇಲಿನ ನಂಬರ್ ಬರೆದುಕೊಂಡು ಐದಾರು ಅಂಗಡಿ ಸುತ್ತಿದೆ. "ಆ ಕಾಲದ್ದು ಈಗ ಎಲ್ಲಿ ಬರುತ್ತೆ" ಅಂದರು ಎಲ್ಲರೂ. ಕೊನೆಗೆ ಬೊಮ್ಮನಹಳ್ಳಿಯ ಗುಜರಿ ಸಾಹೇಬರ ಹತ್ತಿರ ಹೋದೆ. ಆಫೀಸುಗಳ ಹಳೇ ಕಂಪ್ಯೂಟರನ್ನೆಲ್ಲ ಅವರು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದರು, ಕಿಲೋ ಲೆಕ್ಕದಲ್ಲೇ ಮಾರುತ್ತಿದ್ದರು. ಮೂಟೆ ಬಿಚ್ಚಿ ಕೂತು, ಮೂಗಿಗೆಲ್ಲ ಧೂಳು ಹತ್ತಿಸಿಕೊಂಡು, ಅದೇ ನಂಬರಿನ ಕಾರ್ಡ್ ಹುಡುಕಿ ತೆಗೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಾಹೇಬರು ಅದನ್ನ ತಕ್ಕಡಿ ಮೇಲಿಟ್ಟರು. ಸೊನ್ನೆ. ತೆಗೆದು ಮತ್ತೆ ಇಟ್ಟರು. ಸೊನ್ನೆ.

"ಸೊನ್ನೆಗೆ ನಾನು ಏನು ಅಂತ ರೇಟು ಹೇಳ್ಲಿ ಬೇಟಿ? ತೂಕ ಬರೋದು ಏನಾದ್ರೂ ಜೊತೆಗೆ ತಗೊಂಡ್ಹೋಗು."

ಹೀಗಾಗಿ ಕಾರ್ಡನ್ನ ಪರ್ಸಿನಲ್ಲೂ, ಕೆಟ್ಟುಹೋದ ಒಂದು ಪ್ರಿಂಟರನ್ನ ತೊಡೆ ಮೇಲೂ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದ ಸೀಟಿನ ಅಕ್ಕ ಪ್ರಿಂಟರನ್ನೇ ಎರಡು ಸ್ಟಾಪು ನೋಡಿದರು. ಮೂರನೇ ಸ್ಟಾಪಿಗೆ ಬ್ಯಾಗಿನಿಂದ ಒಂದು ಕಾಗದ ತೆಗೆದು, "ಎರಡೇ ಎರಡು ಕಾಪಿ ಸಾಕು ಮೇಡಂ" ಅಂದರು.

ಕಾಳಿನಷ್ಟು ಸ್ವಿಚ್ಚು

ಕಾರ್ಡನ್ನ ಲ್ಯಾಪ್‌ಟಾಪ್ ಒಪ್ಪಿಕೊಂಡಿತು. ಆದರೆ ಸಿಗ್ನಲ್ ಇಲ್ಲ. ಎರಡು ದಿನದಲ್ಲಿ ಮೂರು ಸಲ ಬಿಚ್ಚಿದೆ. ಕಪ್ಪು ವೈರು, ಬಿಳೀ ವೈರು ಅದಲು ಬದಲು ಮಾಡಿದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಶನಿವಾರ ಸಂಜೆ ಕ್ರೇನಿನವರು ಬಂದರು. ಮಾರನೇ ದಿನವೇ ಹೆಣ್ಣು ನೋಡೋದು. ನನ್ನ ಮುಖ ನೋಡಿದರು. ಲ್ಯಾಪ್‌ಟಾಪನ್ನ ಸುಮ್ಮನೆ ಎತ್ತಿ, ತಿರುಗಿಸಿ, ಅಂಚಿನ ಮೇಲೆಲ್ಲ ಬೆರಳಾಡಿಸಿದರು. ಮುಂಭಾಗದಲ್ಲಿ ಸಿಮೆಂಟ್ ಧೂಳು ಮೆತ್ತಿದ್ದ ಒಂದು ಕಡೆ ಉಗುರಿನಿಂದ ಕೆರೆದರು. ಧೂಳಿನಡಿ ಇದ್ದ ವೈಫೈ ಸ್ವಿಚ್ಚು ಟಿಕ್ ಅಂತು. ನೀಲಿ ದೀಪ ಹತ್ತಿತು. ಬೀದಿಯಲ್ಲಿದ್ದ ವೈಫೈಗಳೆಲ್ಲ ಸಾಲಾಗಿ ಬಂದು ನಿಂತವು.

"ಏನಿಲ್ರೀ ಅಕ್ಕಾರ," ಅಂದರು, ನನಗಿಂತ ಅವರಿಗೇ ಜಾಸ್ತಿ ನಾಚಿಕೆ. "ಕ್ರೇನ್ ಹತ್ತಿದ ಕೂಡ್ಲೇ ಮೊದಲು ಮೇನ್ ಸ್ವಿಚ್ ನೋಡೋದು ರೂಢಿ."

ಹಾಗಾದರೆ ಹಳೇ ಕಾರ್ಡ್ ನಿಜವಾಗಿ ಸುಟ್ಟಿತ್ತಾ? ಆ ಕಾರ್ಡ್ ಈಗಲೂ ನನ್ನ ಡ್ರಾಯರಿನಲ್ಲಿದೆ. ಇವತ್ತಿನವರೆಗೂ ಹಾಕಿ ನೋಡಿಲ್ಲ. ಕೆಲವು ವಿಷಯ ಗೊತ್ತಾಗದೇ ಇದ್ದರೇನೇ ಅಂಗಡಿಗೆ ಮರ್ಯಾದೆ.

ಹೆಣ್ಣು ನೋಡೋ ಶಾಸ್ತ್ರ

ಭಾನುವಾರ ಬೆಳಿಗ್ಗೆ, "ನೀವೂ ಬರ್ರೀ ಅಕ್ಕಾರ, ನಡುವೆ ಏನಾರ ಕೆಟ್ಟರ ನನಗ ತಿಳಿಯಂಗಿಲ್ಲ" ಅಂತ ತಮ್ಮ ರೂಮಿಗೆ ಕರೆದುಕೊಂಡು ಹೋದರು. ವೈಫೈ ಮನೆ ಓನರ್ ಅಜ್ಜಿಯದು, ಸಿಂಗಸಂದ್ರದ ಹಳೇ ಮನೆತನದವರು. ಪಾಸ್‌ವರ್ಡ್ ಕೊಡೋಕೆ ಅಜ್ಜಿಯದೂ ಒಂದು ಷರತ್ತು. "ನಾನೂ ಕುಂತ್ಕಂಡು ಎಣ್ಣು ನೋಡ್ತೀನಿ. ನಾಳೆ ನಮ್ಮನೇಗೆ ತಾನೇ ಬರಾದು?"

ಅಜ್ಜಿ ಮುಂದೆ ಕುರ್ಚಿಯಲ್ಲಿ, ಹುಡುಗ ಮಂಚದ ತುದಿಯಲ್ಲಿ, ನಾನು ಪಕ್ಕದಲ್ಲಿ ಬಗ್ಗಿಕೊಂಡು. ಸ್ಕ್ರೀನಿನಲ್ಲಿ ಹುಡುಗಿಯ ಅಪ್ಪ, ಅಮ್ಮ, ನಡುವೆ ತಲೆ ತಗ್ಗಿಸಿದ ಹುಡುಗಿ. ರೂಮಿನ ಕಿಟಕಿ, ಅಡಿಗೆ ಕಟ್ಟೆ, ನೀರಿನ ಡ್ರಮ್ಮು ಎಲ್ಲ ತೋರಿಸಿಯಾಯಿತು. ಅಪ್ಪ ತಲೆಯಾಡಿಸಿದರು. ಮಗಳ ತಲೆ ಇನ್ನೂ ತಗ್ಗಿಯೇ ಇತ್ತು. ಅಷ್ಟರಲ್ಲಿ ಚಿತ್ರ ತಡವರಿಸಿತು, ನಾನು ಸರಿಮಾಡೋಕೆ ಮುಂದೆ ಬಗ್ಗಿದೆ. ನನ್ನ ಮುಖ ಅವರಿಗೆ ಸ್ಕ್ರೀನ್ ತುಂಬ ಕಂಡಿರಬೇಕು.

"ಆ ಹೆಣ್ಣುಮಗಳು ಯಾರ್ರೀ?" ಅಂದರು ಹುಡುಗಿಯ ಅಮ್ಮ. ದನಿಯೇ ಬದಲಾಗಿತ್ತು.

ಮೂವತ್ತು ಮಹಡಿ ಎತ್ತರದಲ್ಲಿ ಕೂತು ಕಬ್ಬಿಣ ಎತ್ತುವ ಮನುಷ್ಯ, ಮಂಚದ ತುದಿಯಿಂದ ಜಾರಿಬಿಟ್ಟರು. "ಅವ್ರು... ಅವ್ರು ಕಾರ್ಡಿನವ್ರು ರೀ! ಎರಡು ವಾರದಿಂದ ನನ್ನ ಸಲುವಾಗಿ ಕಾರ್ಡಿಗೇ ಓಡಾಡ್ಯಾರ್ರೀ. ನಿನ್ನೆ ಸಂಜಿ ಕಾರ್ಡ್ ರೆಡಿ ಆತ್ರೀ."

ಅಪ್ಪನ ಮೀಸೆ ಸ್ಕ್ರೀನಿಗೆ ಹತ್ತಿರ ಬಂತು. "ಏನಂದ್ರಿ? ಹುಡುಗೀನ್ನ ನೋಡೋ ಮೊದಲ ಲಗ್ನದ ಕಾರ್ಡ್ ಮಾಡಿಸೀರಿ?"

ಓನರ್ ಅಜ್ಜಿ "ಕೆಟ್ಟೋಯ್ತು" ಅಂತ ಹಣೆ ಚಚ್ಚಿಕೊಂಡರು. ನಾನು ವೈಫೈ, ಕಂಪನಿ, ಪಟ್ಟಿ ಅಂತ ಏನೇನೋ ತೊದಲೋಕೆ ಶುರು ಮಾಡಿದೆ.

ಆಗ ಹುಡುಗಿ ಮೊದಲನೇ ಸಲ ತಲೆ ಎತ್ತಿದಳು. ನೇರವಾಗಿ ಕ್ಯಾಮೆರಾ ನೋಡಿ, ನಗು ತಡೆದುಕೊಂಡು ಹೇಳಿದಳು:

"ಇರಲಿ ಬಿಡಪ್ಪಾ. ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಹಾಕ್ಸ್ಯಾರೇನು, ಅದಷ್ಟು ಕೇಳು."