ಟ್ಯಾಂಕು ನಮ್ಮೂರಲ್ಲೇ ಉಳಿದದ್ದು

ನಾನು ಸುಮ್ಮನೆ ಸ್ಟೂಲ್ ಹಾಕಿಕೊಂಡು ಕೂತಿದ್ದರೂ ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮುಳಬಾಗಿಲಿನ ಹತ್ತಿರ ಮಿಲಿಟರಿ ಕ್ಯಾಂಪಿನ ಮ್ಯೂಸಿಯಮ್ಮಿಗೆ ನಾನು ವಾಚ್‌ಮನ್. ಸ್ಕೂಲ್ ಮೆಟ್ಟಿಲು ಹತ್ತಿದವನಲ್ಲ. ಆದರೆ ಅಲ್ಲಿರುವ ಯುದ್ಧದ ಟ್ಯಾಂಕಿನ ಬಗ್ಗೆ ನನ್ನಷ್ಟು ತಿಳಿದವನು ಮಿಲಿಟರಿಯಲ್ಲೂ ಇಲ್ಲ.

ಮೀನಿನ ಸಾರು

ಶ್ರೀನಿವಾಸಪುರದಿಂದ ಮಕ್ಕಳನ್ನು ಕರೆತಂದ ಟೀಚರಮ್ಮನಿಗೆ ಹೇಳಿದೆ: "ಈ ಟ್ಯಾಂಕನ್ನ ದೇವರಾಯಸಮುದ್ರದ ಕೆರೆ ದಾಟಿಸಿದ್ದು ನಾನೇ. ದಡಕ್ಕೆ ಬಂದು ನೋಡ್ತೀನಿ, ಫಿರಂಗಿ ನಳಿಗೆಯೊಳಗೆ ಇಷ್ಟುದ್ದ ಮೀನು!"

"ಯಾವ ಇಸವಿ ತಾತ ಅದು?"

"ಇಸವಿ ನೆನಪಿಲ್ಲಮ್ಮ. ಸಾರಿಗೆ ಹುಳಿ ಜಾಸ್ತಿಯಾಗಿತ್ತು."

ಡ್ಯೂಟಿ ಮೇಲಿದ್ದಾರೆ

ಅಷ್ಟರಲ್ಲಿ ಕ್ಯಾಂಪನ್ನೇ ಉತ್ತರಕ್ಕೆ ಎತ್ತಂಗಡಿ ಮಾಡಿದರು. ಮ್ಯೂಸಿಯಮ್ಮಿನ ಬಂದೂಕು, ಬ್ಯಾಂಡ್ ಸೆಟ್ಟು ಎಲ್ಲಾ ಲಾರಿ ಹತ್ತಿದವು. ಯೂನಿಫಾರ್ಮ್ ಹಾಕಿದ ಗೊಂಬೆ ಸಿಪಾಯಿಗೆ ಹಿಂದೆ ಜಾಗ ಸಾಲದೆ ಡ್ರೈವರ್ ಪಕ್ಕ ಕೂರಿಸಿ, ನಂಗಲಿವರೆಗೆ ನಾನೂ ಹೋದೆ. ಅಲ್ಲಿ ಟೀ ಅಂಗಡಿಯವನು ಗೊಂಬೆಗೂ ಒಂದು ಗ್ಲಾಸ್ ಹಿಡಿದ.

"ತೀಸ್ಕೋಂಡಿ ಸಾರ್, ತಗೊಳ್ಳಿ."

ಗೊಂಬೆ ಅಲ್ಲಾಡಲಿಲ್ಲ. ಅಂಗಡಿಯವನು ಕೈ ನೋಯುವವರೆಗೂ ಹಿಡಿದಿದ್ದು ನನ್ನ ಕಡೆ ತಿರುಗಿದ. "ಏನ್ ತಾತಾ, ಇಷ್ಟು ಪೊಗರಾ?"

"ಡ್ಯೂಟಿ ಮೇಲಿದ್ದಾರೆ ಕಣೋ" ಅಂದು ಆ ಟೀನೂ ನಾನೇ ಕುಡಿದೆ.

ಸಾಹೇಬರ ಪ್ರಶ್ನೆ

ಕಡೆಗೆ ಉಳಿದದ್ದು ಟ್ಯಾಂಕೊಂದೇ. ಅದೂ ಹೋದರೆ ಮ್ಯೂಸಿಯಮ್ಮಿಗೂ ಬೀಗ, ನನ್ನ ಬಾಯಿಗೂ ಬೀಗ. ಅದನ್ನು ಏನು ಮಾಡೋದು ಅಂತ ನೋಡೋಕೆ ಮಾಲೂರಿನ ಕಡೆಯ ಮಿಲಿಟರಿ ಸಾಹೇಬರೊಬ್ಬರು ಬಂದರು.

"ಓಡೋ ಗಾಡಿ ಹೊಸ ಕ್ಯಾಂಪಿಗೆ. ಓಡದೇ ಇರೋದು ನಿಮ್ಮೂರಿಗೆ. ಇದು ಓಡುತ್ತೇನ್ರಿ?"

ನಾನು ಬಾಯಿ ತೆರೆಯೋ ಮುಂಚೆ ಅವರೇ ಅಂದರು: "ಕೆರೆ ದಾಟಿಸಿದೋರು ನೀವೇ ಅಂತೆ? ಟೀಚರ್ ಹೇಳಿದ್ರು. ಮೀನಿನ ವಿಷಯಾನೂ."

ಓಡಲ್ಲ ಅಂದರೆ ಇಷ್ಟು ವರ್ಷದ ನನ್ನ ಮರ್ಯಾದೆ ಹೋಗುತ್ತೆ. ಓಡುತ್ತೆ ಅಂದರೆ ಟ್ಯಾಂಕೇ ಹೋಗುತ್ತೆ.

"ಓಡುತ್ತೆ ಸಾರ್" ಅಂದೆ. "ರಿವರ್ಸಲ್ಲಿ ಮಾತ್ರ."

"ಮತ್ತೆ ಕೆರೆ?"

"ಹಿಂದಹಿಂದಕ್ಕೇ ದಾಟಿಸಿದ್ದು. ಇಲ್ಲದಿದ್ರೆ ಮೀನು ಅಟ್ಟಿಸಿಕೊಂಡು ಬಂದು ನಳಿಗೆಗೆ ಹೇಗೆ ನುಗ್ಗುತ್ತೆ ಸಾರ್?"

ನಾನು ಮುಂದುವರಿಸಿದೆ: "ತಗೊಂಡೋಗಿ ಸಾರ್, ನಂದೇನಿಲ್ಲ. ಆದ್ರೆ ಪರೇಡಿನ ದಿವಸ ದೊಡ್ಡ ಸಾಹೇಬರು ಸೆಲ್ಯೂಟ್ ಹೊಡೀತಾ ನಿಂತಿರ್ತಾರೆ. ಅವರ ಮುಂದೇನೇ ನಮ್ಮ ಟ್ಯಾಂಕು ಹಿಂದಕ್ಕೆ ಹೋದ್ರೆ, ನೋಡಿದೋರು ನಮ್ಮ ಮಿಲಿಟರೀನ ಏನಂದುಕೊಂಡಾರು?"

ಸಾಹೇಬರು ಮೀಸೆ ತೀಡಿಕೊಂಡು "ಇಲ್ಲೇ ಇರಲಿ" ಅಂದರು.

ನನ್ನ ಮಾತು ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಅವರ ಜೀಪು ಟ್ಯಾಂಕಿನ ಹಿಂದೆಯೇ ನಿಂತಿತ್ತು. ಹೊರಡುವ ಮುಂಚೆ ಡ್ರೈವರನ್ನು ಕರೆದು, ಮೊದಲು ಜೀಪನ್ನು ಟ್ಯಾಂಕಿನ ಮುಂದಕ್ಕೆ ತಂದು ನಿಲ್ಲಿಸೋಕೆ ಹೇಳಿದರು.