ವಿನೋಬನಗರದ ಮೇಡಂ ಮತ್ತು ಅಪ್ಪನ ಕೆಮ್ಮು

ಮೊದಲು ಒಂದು ಒಗಟು ಬಿಡಿಸಿ ನೋಡೋಣ. ಎರಡು ಕುರ್ಚಿ, ಕೂತವನು ಒಬ್ಬನೇ. ಬೈದಿದ್ದು ಅಪ್ಪ, ಬೈಸಿಕೊಂಡಿದ್ದು ಮಗ. ಆದರೆ ಅಪ್ಪ ಆ ಕೋಣೆಗೆ ಕಾಲೇ ಇಟ್ಟಿಲ್ಲ. ಏನದು?

ಬಿಡಿ, ನಿಮ್ಮಿಂದ ಆಗಲ್ಲ. ತಲೆ ಕೆಡಿಸಿಕೊಂಡರೆ ನೀವೂ ನನ್ನ ಹಾಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓಡಾಡಬೇಕಾಗುತ್ತೆ. ನಾನು ಸುಮ್ಮನೆ ಕೂತರೂ ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ.

ಕಾಮಾಲೆ

ನನಗೆ ಲೆಕ್ಕ ಬರಲ್ಲ, ದನಿ ಬರುತ್ತೆ. ಯಾರ ದನಿ ಬೇಕಾದರೂ ತೆಗೀತೀನಿ. ಹತ್ತನೇ ಕ್ಲಾಸಿನ ಲೆಕ್ಕದ ಪರೀಕ್ಷೆ ದಿನ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಅಪ್ಪನ ಹಾಗೆ ಕೆಮ್ಮಿ, "ಸಾರ್, ನಮ್ಮ ಹುಡುಗನಿಗೆ ಕಾಮಾಲೆ, ಬರಕ್ಕಾಗಲ್ಲ" ಅಂದೆ. ಹೊಳೆ ದಂಡೆಗೆ ಹೋಗಿ ಕೂತೆ.

ಹೆಡ್‌ಮಾಸ್ಟರು ತುಂಬಾ ಒಳ್ಳೆಯವರು, ಅದೇ ಎಡವಟ್ಟಾಯಿತು. ಸಂಜೆ ಕಾಮಾಲೆಯ ನಾಟಿ ಔಷಧಿ ಹಿಡಿದುಕೊಂಡು ಮನೆಗೇ ಬಂದುಬಿಟ್ಟರು. ಬಾಗಿಲಲ್ಲಿ ಅಪ್ಪ.

"ಹುಡುಗ ಈಗ ಹೇಗಿದ್ದಾನೆ?"

"ಪೇಪರ್ ಸುಲಭ ಇತ್ತಂತೆ ಸಾರ್!"

ಅವತ್ತಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಎಂಟು ತಿಂಗಳು. ತನ್ನ ವರ್ಕ್‌ಶಾಪಿನಲ್ಲಿ ಅವನು ಲೇತ್ ಮೆಷಿನ್ನಿಗೆ ಬೈಯ್ಯೋದನ್ನು ಕೇಳಿದ್ದೀನಿ, ನನಗೆ ಆ ಭಾಗ್ಯವೂ ಇಲ್ಲ. ಏನಿದ್ದರೂ ಅಮ್ಮನಿಗೆ: "ನಿನ್ನ ಮಗನಿಗೆ ಹೇಳು." ಒಂದು ಸಲ ಬೈದುಬಿಟ್ಟರೆ ಸಾಕಿತ್ತು ಅನ್ನಿಸೋ ಮಟ್ಟಕ್ಕೆ ಬಂದಿದ್ದೆ.

ಆ ಔಷಧಿ? ತಂದಿದ್ದು ಹಾಳಾಗಬಾರದು ಅಂತ ಅಮ್ಮ ನನಗೆ ಮೂರು ದಿನ ಕುಡಿಸಿದಳು. ಉಪ್ಪಿಲ್ಲದ ಅನ್ನದ ಜೊತೆ.

ಇಡೀ ಮನುಷ್ಯ

ನಾನು ಊಟ ಬಿಟ್ಟು ಮಂಕಾದ ಮೇಲೆ, ಪಕ್ಕದ ಮನೆ ಟೀಚರ್ ಮಾತು ಕೇಳಿ ಅಮ್ಮ ನನ್ನನ್ನು ಶಿವಮೊಗ್ಗದ ವಿನೋಬನಗರದ ಸೈಕಾಲಜಿಸ್ಟ್ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಅವರ ಮನೆಯ ಮಹಡಿ ಮೇಲೇ ಕ್ಲಿನಿಕ್ಕು. ಮೇಡಂ ನಿಧಾನವಾಗಿ ಹೇಳಿದರು, "ನಾನು ಬರೀ ಮನಸ್ಸು ನೋಡಲ್ಲ ಅಮ್ಮಾ. ನಿದ್ದೆ, ಊಟ, ಉಸಿರು, ಮನೆಯವರು, ಎಲ್ಲಾ ಸೇರಿಸಿ ಇಡೀ ಮನುಷ್ಯನನ್ನ ನೋಡ್ತೀನಿ."

ಅಮ್ಮನ ಮುಖ ಅರಳಿತು. "ಬಾಯಿ ತೆಗಿಯೋ. ಮೇಡಂ, ಹಾಗಾದ್ರೆ ಈ ಹುಳುಕು ಹಲ್ಲೂ ಒಂಚೂರು ನೋಡ್ಬಿಡಿ."

ಕಡುಬು

ಒಂದು ವಾರ ನಾನು ಏನು ತಿಂದೆ, ತಿಂದಾಗ ಮನಸ್ಸು ಹೇಗಿತ್ತು, ಎಲ್ಲಾ ಬರೆಯಿರಿ ಅಂತ ಮೇಡಂ ಒಂದು ನೋಟ್‌ಬುಕ್ ಕೊಟ್ಟರು. ಅಮ್ಮ ಅದನ್ನು ನನ್ನ ಕೈಗೇ ಕೊಡಲಿಲ್ಲ, ತಾನೇ ಬರೆದಳು. ಮುಂದಿನ ವಾರ ಮೇಡಂ ಓದುತ್ತಾ ಓದುತ್ತಾ ಕನ್ನಡಕ ತೆಗೆದರು.

"ಸೋಮವಾರ ಕಡುಬು, ಮಂಗಳವಾರ ಹೋಳಿಗೆ, ಬುಧವಾರ ಪಾಯಸ. ಮನಸ್ಸು: ಖುಷಿ, ಖುಷಿ, ಬಹಳ ಖುಷಿ. ಏನೋ, ಇಷ್ಟೆಲ್ಲಾ ತಿಂದೆಯಾ?"

"ಇಲ್ಲ ಮೇಡಂ. ಆರು ದಿನ ಚಿತ್ರಾನ್ನ."

ಅಮ್ಮ ಸೆರಗು ಸರಿ ಮಾಡಿಕೊಂಡಳು. "ನಾಲ್ಕು ಜನ ನೋಡೋ ಪುಸ್ತಕ ಮೇಡಂ. ಚಿತ್ರಾನ್ನ ಅಂತ ಬರೆಯೋಕಾಗುತ್ತಾ?"

ನಿದ್ದೆ ಬಾರದ ಯಜಮಾನರು

ಹೊರಗಿನ ಬೆಂಚಿನಲ್ಲಿ ಗಾಂಧಿ ಬಜಾರಿನ ಬಟ್ಟೆ ಅಂಗಡಿ ಯಜಮಾನರೊಬ್ಬರು ಕೂತಿರುತ್ತಿದ್ದರು. "ತಿಂಗಳಾಯ್ತು ಮಾರಾಯ, ಕಣ್ಣು ಮುಚ್ಚಿದ್ರೆ ಸೀರೆ ಬಂಡಲ್ಲೇ ಕಾಣುತ್ತೆ" ಅಂತ ಕೇಳದಿದ್ದವರಿಗೂ ಹೇಳೋರು. ನನಗೆ ಬಾಯಿ ತುರಿಸಿತು. ಪರದೆ ಹಿಂದೆ ನಿಂತು ಮೇಡಂ ದನಿ ತೆಗೆದೆ. "ಕಣ್ಣು ಮುಚ್ಚಿ... ಭುಜ ಸಡಿಲ ಬಿಡಿ... ಉಸಿರು ನಿಧಾನ..."

ಎರಡೇ ನಿಮಿಷಕ್ಕೆ ಗೊರಕೆ. ಅವರ ಸರದಿ ಬಂತು, ಹೋಯಿತು. ಎದ್ದವರೇ ಮೇಡಂಗೆ ಕೈ ಮುಗಿದು, "ಇವತ್ತಿನ ಟ್ರೀಟ್‌ಮೆಂಟ್ ಬಹಳ ಚೆನ್ನಾಗಿತ್ತು!" ಅಂತ ಮೆಟ್ಟಿಲಿಳಿದು ಹೋದರು.

ಮೇಡಂ ಪರದೆ ಸರಿಸಿದರು. ಬೈಯ್ಯಲಿಲ್ಲ. "ನಿಮ್ಮಪ್ಪನ ದನಿಯೂ ಬರುತ್ತಾ?" ಅಂದರು. ನನಗೆ ಆಗಲೇ ಭಯವಾಯಿತು.

ಎರಡು ಕುರ್ಚಿ

ಆಮೇಲಿನ ವಾರ ಅಮ್ಮ ನಾಮಕರಣಕ್ಕೆ ಅಂತ ಹೊಳಲೂರಿನ ತಂಗಿ ಮನೆಗೆ ಹೋಗಿದ್ದಳು. ಅಪ್ಪನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಬೇಕಾಯಿತು. ಹೊರಡುವಾಗ ಅಪ್ಪ ಫೋನ್ ತೆಗೆದು ಹೊಳಲೂರಿಗೆ ಹಚ್ಚಿದ. ಒಂದು ನಿಮಿಷಕ್ಕೆ ನನ್ನ ಫೋನ್ ರಿಂಗಾಯಿತು. ಅಮ್ಮ: "ನಿಮ್ಮಪ್ಪ ಹೇಳಿದ್ರು, ಹೆಲ್ಮೆಟ್ ಬೆಲ್ಟ್ ಹಾಕ್ಕೋಬೇಕಂತೆ." ಅಪ್ಪ ನನ್ನಿಂದ ಒಂದು ಮೊಳ ದೂರದಲ್ಲಿದ್ದ.

ವಿನೋಬನಗರ ತಲುಪಿದ ಮೇಲೆ ಅಪ್ಪ ರಸ್ತೆಯಲ್ಲೇ ನಿಂತ. ಹುಚ್ಚರ ಡಾಕ್ಟರ ಮೆಟ್ಟಿಲು ಹತ್ತಲ್ಲ ಅನ್ನೋದು ಅವನ ಶಪಥ.

ಒಳಗೆ ಮೇಡಂ ಎರಡು ಕುರ್ಚಿ ಎದುರುಬದುರು ಹಾಕಿದ್ದರು. "ಆ ಕುರ್ಚಿಯಲ್ಲಿ ನಿಮ್ಮಪ್ಪ ಕೂತಿದ್ದಾರೆ ಅಂದ್ಕೊಂಡು ಮಾತಾಡು. ಆಮೇಲೆ ಅಲ್ಲಿ ಹೋಗಿ ಕೂತು, ಅಪ್ಪನಾಗಿ ಉತ್ತರ ಕೊಡು."

"ಬೈದಾದ್ರೂ ಬೈಯ್ಯಪ್ಪಾ" ಅಂದೆ ಖಾಲಿ ಕುರ್ಚಿಗೆ. ಎದ್ದು ಅಲ್ಲಿ ಹೋಗಿ ಕೂತೆ. ಎರಡು ಸಲ ಕೆಮ್ಮಿದೆ. "ಲೋಫರ್ ನನ್ ಮಗನೇ! ಕದಿಯೋಕೆ ಬೇರೇನೂ ಸಿಗಲಿಲ್ವಾ, ನನ್ನ ದನಿ ಕದ್ದೆಯಲ್ಲೋ!" ಕಿಟಕಿ ಗಾಜು ನಡುಗಿತು.

ಮೇಡಂ ಕೇಳಿದರು, "ಬರೀ ಸಿಟ್ಟೇನಾ ಸಾರ್?"

ನಾನು ತಮಾಷೆ ಮಾಡಬೇಕು ಅಂತಿದ್ದೆ. ಬಾಯಿಂದ ಬಂದಿದ್ದೇ ಬೇರೆ. "ಅವತ್ತು ಬೆಳಗ್ಗೆ ಅವನ ಜೇಬಿಗೆ ಹೊಸ ಪೆನ್ನು ಸಿಗಿಸಿ ಕಳಿಸಿದ್ದೆ ಮೇಡಂ."

ಕಣ್ಣಲ್ಲಿ ನೀರು ಬಂತು. ಟಿಶ್ಯೂ ಹಿಡಿದ ಮೇಡಂಗೆ ಅದನ್ನು ಯಾವ ಕುರ್ಚಿಗೆ ಕೊಡಬೇಕೋ ಗೊತ್ತಾಗಲಿಲ್ಲ.

ಬಾಗಿಲು ತೆಗೆದರೆ, ನನ್ನ ಚಪ್ಪಲಿ ಪಕ್ಕ ಇನ್ನೊಂದು ಜೊತೆ ಚಪ್ಪಲಿ. ಅಪ್ಪನದು. ಮನುಷ್ಯ ಇಲ್ಲ. ಕೆಳಗೆ ನೋಡಿದರೆ ಅಪ್ಪ ಬರಿಗಾಲಲ್ಲಿ ಸ್ಕೂಟರ್ ಮೇಲೆ ಕೂತು ಆಕಾಶ ನೋಡುತ್ತಿದ್ದಾನೆ, ಫೋನ್ ಕಿವಿಯಲ್ಲಿ. ನಾನು ಚಪ್ಪಲಿ ತಂದು ಅವನ ಕಾಲ ಹತ್ತಿರ ಇಟ್ಟೆ. ನೋಡದೇ ಹಾಕಿಕೊಂಡ.

ನನ್ನ ಫೋನ್ ರಿಂಗಾಯಿತು. ಹೊಳಲೂರಿಂದ ಅಮ್ಮ. "ನಿಮ್ಮಪ್ಪ ಏನೋ ಹೇಳಿದ್ರು ಮಾರಾಯ, ನಂಗಂತೂ ತಲೆಬುಡ ಅರ್ಥ ಆಗ್ಲಿಲ್ಲ. ಅವರು ಮಾತಾಡೋಕೆ ಮುಂಚೆ ಒಂದೇ ಸಲ ಕೆಮ್ಮೋದಂತೆ, ಎರಡು ಸಲ ಅಲ್ವಂತೆ."

ಸ್ಕೂಟರ್ ಹೊರಟಿತು. ಒಂದು ಕೆಮ್ಮು ಕೇಳಿಸಿತು. ಎಂಟು ತಿಂಗಳ ಮೇಲೆ ಅಪ್ಪನ ದನಿ: "ಮಸಾಲೆ ದೋಸೆ ತಿಂತೀಯೇನೋ?"

ಸುಳ್ಳು. ಆ ಕೊನೇ ಮಾತು ನಾನು ಕಟ್ಟಿದ್ದು. ಅಪ್ಪ ಬಾಯಿ ಬಿಡಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು, ಅವನ ದನಿಯಲ್ಲಿ ನಾನೇ ಕೇಳಿದೆ, ಒಂದೇ ಸಲ ಕೆಮ್ಮಿ.

ಆದರೆ ಸ್ಕೂಟರ್ ಹೋಟೆಲ್ ಮುಂದೆ ನಿಂತಿದ್ದು ಮಾತ್ರ ನಾನು ಕಟ್ಟಿದ್ದಲ್ಲ.