ವಾಲ್ಯೂಮ್ ಪೆಡಲೂ ನನ್ನ ಬಲಗಾಲೂ

ನನ್ನ ಬಲಗಾಲಿನ ಮೇಲೆ ನನಗೊಂದು ದೂರಿದೆ. ನಲವತ್ತೊಂಬತ್ತು ವರ್ಷಗಳಿಂದ ಅದನ್ನು ಎಡಗಾಲಿಗೆ ಸರಿಸಮನಾಗಿ ನೋಡಿಕೊಂಡು ಬಂದಿದ್ದೇನೆ. ಒಂದೇ ಅಳತೆಯ ಚಪ್ಪಲಿ, ಒಂದೇ ಬಣ್ಣದ ಕಾಲುಚೀಲ. ಯಾವುದರಲ್ಲೂ ಭೇದ ಮಾಡಿದವನಲ್ಲ. ಆದರೂ ಅದರ ಅಗತ್ಯ ನಿಜವಾಗಿ ಬಿದ್ದ ದಿನ ಅದು ನನ್ನ ಕೈಬಿಟ್ಟಿತು. (ಕಾಲು ಕೈಬಿಡುವುದು ಹೇಗೆ ಎಂದು ನನ್ನ ಹೆಂಡತಿ ಕೇಳಿದಳು. ಅವಳಿಗೆ ಎದುರುತ್ತರ ಕೊಡುವ ಧೈರ್ಯ ನನಗಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.)

ನಾನು ತಕ್ಕಡಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಒಂದು ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ನನಗೆ ಊಟ ಸೇರುವುದಿಲ್ಲ. ದಿನಾ ಸಂಜೆ ಒಂದು ಗಂಟೆ ಹೊತ್ತು, ಬಾಗಿಲು ಹಾಕಿಕೊಂಡು, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಬಾಗಿಲು ಹಾಕಿಕೊಳ್ಳುವುದು ಇತರರಿಗೆ ತೊಂದರೆಯಾಗದಿರಲಿ ಎಂದು ಎಲ್ಲರೂ ತಿಳಿದಿದ್ದಾರೆ. ನಿಜವೇನೆಂದರೆ ಯಾರಾದರೂ ನೋಡುತ್ತಿದ್ದರೆ ನನಗೆ ಭಯ. ನಾನು ಹುಟ್ಟಾ ಅಂಜುಬುರುಕ, ಆದರೆ ಕ್ರಮಬದ್ಧ ಅಂಜುಬುರುಕ. ಹೆದರಿಕೆಯಾದಾಗ ಮೊದಲು ನಾಡಿ ಎಣಿಸಿ ಬರೆದಿಟ್ಟುಕೊಳ್ಳುತ್ತೇನೆ.

ನನ್ನ ಹೆಂಡತಿ ಕಾರು ಕಲಿಸುವ ಶಾಲೆಯಲ್ಲಿ ಶಿಕ್ಷಕಿ. ಹದಿನಾರು ವರ್ಷಗಳಿಂದ ಪರಿಚಯವೇ ಇಲ್ಲದವರ ಪಕ್ಕದ ಸೀಟಿನಲ್ಲಿ ಕೂತು ಲಾರಿಗಳ ಎದುರಿಗೆ ಹೋಗಿ ಬರುತ್ತಿದ್ದಾಳೆ. ಅವಳ ನಾಡಿ ಯಾವಾಗ ನೋಡಿದರೂ ಅರವತ್ತೆಂಟು.

ನಮ್ಮ ಮಗಳಿಗೆ ಧೈರ್ಯ ನನ್ನದು, ಕಂಠ ಯಾರದೋ. ಇಬ್ಬನಿ ಬಿದ್ದ ಹಾಗೆ ಹಾಡುತ್ತಾಳೆ: ಬಹಳ ಚೆಂದ, ಆದರೆ ಹತ್ತಿರ ಹೋದರೆ ಮಾತ್ರ ಗೊತ್ತಾಗುತ್ತದೆ. ಕಳೆದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ಹಾಡಲು ನಿಂತಾಗ ಹಿಂದಿನ ವಾದ್ಯಗಳ ಅಬ್ಬರದಲ್ಲಿ ಅವಳ ಧ್ವನಿ ಮುಳುಗಿಹೋಯಿತು. ಯಾರೋ ಹಿಂದಿನ ಸಾಲಿನಿಂದ, "ಬಾಯಿ ಆಡ್ತಿದೆ, ಹಾಡು ಎಲ್ಲಿ?" ಎಂದು ಕೂಗಿದರು. ಅರ್ಧಕ್ಕೇ ಇಳಿದು ಬಂದವಳು ಒಂದು ವರ್ಷ ಬಚ್ಚಲಮನೆಯಲ್ಲೂ ಹಾಡಲಿಲ್ಲ. ಈಗ ಕಾಲೇಜು ಸೇರಿ, ಏನು ತೋಚಿತೋ, ತಾನಾಗಿಯೇ ವಾರ್ಷಿಕೋತ್ಸವಕ್ಕೆ ಹೆಸರು ಕೊಟ್ಟು ಬಂದಿದ್ದಳು. ಅಷ್ಟರಲ್ಲಿ, ಕೀಬೋರ್ಡ್ ನುಡಿಸಬೇಕಿದ್ದ ಗೆಳತಿ ಮೆಟ್ಟಿಲಿಂದ ಜಾರಿ ಮಣಿಕಟ್ಟು ಮುರಿದುಕೊಂಡಳು.

"ಅಪ್ಪಾ, ನೀನು ಗಿಟಾರ್ ನುಡಿಸ್ತೀಯಾ?" ಎಂದಳು ಮಗಳು.

"ನಾನಾ? ಜನರ ಎದುರಿಗಾ?" (ನಾಡಿ: ತೊಂಬತ್ತೆಂಟು.)

"ನೀನಾದ್ರೆ ಜೋರಾಗಿ ನುಡಿಸಲ್ಲ. ಈ ಸಲಾನೂ ನನ್ನ ಧ್ವನಿ ಕೇಳಿಸದೇ ಹೋದ್ರೆ ಮುಗೀತು, ಇನ್ನು ಜನ್ಮದಲ್ಲಿ ಹಾಡಲ್ಲ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಹಸಿರು ದೀಪ ಬಿದ್ದರೂ ಹೊರಡದ ವಿದ್ಯಾರ್ಥಿಯನ್ನು ನೋಡುವ ನೋಟ ಅದು. ನಾನು ಒಪ್ಪಿಕೊಂಡೆ.

ಒಪ್ಪಿದ ಮೇಲೆ ಭಯಗಳು ನಿಯಮದಂತೆ ಒಂದೊಂದಾಗಿ ಬಂದವು. ಮಗಳು ಹಾಡುವಾಗ ಗಿಟಾರ್ ಮೆಲ್ಲಗಿರಬೇಕು, ಅವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸ್ವಲ್ಪ ಏರಬೇಕು, ಮತ್ತೆ ಇಳಿಯಬೇಕು. ಗಿಟಾರಿನ ಮೇಲೆ ವಾಲ್ಯೂಮಿನ ಗುಂಡಿ ಇದೆ ನಿಜ, ಆದರೆ ನನ್ನ ಎರಡೂ ಕೈಗಳು ತಂತಿಗಳ ಮೇಲಿರುತ್ತವೆ. ಮೂರನೆಯ ಕೈ ನನಗಿಲ್ಲ. ಆಗ ಹೊಳೆದ ದಿವ್ಯ ಉಪಾಯವೇ ವಾಲ್ಯೂಮ್ ಪೆಡಲ್. ಕಾರಿನ ಆಕ್ಸಿಲರೇಟರ್ ತರಹದ ಒಂದು ಪೆಟ್ಟಿಗೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಅದನ್ನು ಜೋಡಿಸಿ ಮೇಲೆ ಕಾಲಿಡುವುದು. ಬೆರಳಿನ ಕಡೆ ಒತ್ತಿದರೆ ಶಬ್ದ ಏರುತ್ತದೆ, ಹಿಮ್ಮಡಿಯ ಕಡೆ ಒತ್ತಿದರೆ ಇಳಿಯುತ್ತದೆ, ಪೂರ್ತಿ ಒತ್ತಿದರೆ ನಿಶ್ಶಬ್ದ.

ಅಂಗಡಿಗೆ ನಾಲ್ಕು ದಿನ ಹೋದೆ. ಅಂಗಡಿಯವರು ಒಳ್ಳೆಯವರು, ಮೊದಲ ದಿನ ನಗುನಗುತ್ತಾ ಏಳು ಪೆಡಲುಗಳನ್ನು ಇಳಿಸಿ ಇಟ್ಟರು.

"ಇದರ ರೋಧ ಎಷ್ಟು?" ಎಂದು ಕೇಳಿದೆ.

"ಸಾರ್, ಯಾರೂ ವಿರೋಧ ಮಾಡಿಲ್ಲ, ಎಲ್ಲರೂ ಇದನ್ನೇ ತಗೋತಾರೆ."

ನಾನು ವಿವರಿಸಿದೆ. ಗಿಟಾರಿನಿಂದ ನೇರವಾಗಿ ಬರುವ ಶಬ್ದಸಂಕೇತ ಬಹಳ ದುರ್ಬಲ. ಪೆಡಲಿನ ರೋಧ ಕಡಿಮೆಯಿದ್ದರೆ ಅದರ ಹೊಳಪೆಲ್ಲ ಸೋರಿಹೋಗಿ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸುತ್ತದೆ. ಆದ್ದರಿಂದ ಎರಡೂವರೆ ಲಕ್ಷ ಓಮ್ ಇರಬೇಕು. ಇಪ್ಪತ್ತೈದು ಸಾವಿರದ್ದು ಬೇರೆ ಉಪಕರಣಗಳ ನಂತರ ಜೋಡಿಸಲಿಕ್ಕೆ. ಇನ್ನು ಕೆಲವಕ್ಕೆ ಕರೆಂಟು ಬೇಕು. ಹಾಡಿನ ನಡುವೆ ಕರೆಂಟು ಹೋದರೆ? (ಆಂಪ್ಲಿಫೈಯರಿಗೂ ಕರೆಂಟು ಬೇಕೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು.) ಕೆಲವುಗಳ ಒಳಗೆ ಒಂದು ದಾರ ಇರುತ್ತದೆ, ಪಾದ ಆಡಿದಂತೆ ದಾರ ಗುಂಡಿಯನ್ನು ತಿರುಗಿಸುತ್ತದೆ. ದಾರ ತುಂಡಾದರೆ? ಆದ್ದರಿಂದ ಹಲ್ಲಿನ ಚಕ್ರದ್ದೇ ಇರಲಿ. ಕೆಲವು ಅರ್ಧ ಒತ್ತುವವರೆಗೂ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಬೊಬ್ಬೆ ಹೊಡೆಯುತ್ತವೆ. ನನಗೆ ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಏರುವುದು ಬೇಕು. ಕೀಲು ಸಡಿಲವಿರಬಾರದು, ಕಾಲು ನಿಂತಲ್ಲೇ ಅದೂ ನಿಲ್ಲಬೇಕು. ಬಿಗಿಯೂ ಇರಬಾರದು, ಮೀನಖಂಡ ಹಿಡಿದುಕೊಂಡರೆ?

ನಾಲ್ಕನೆಯ ದಿನ ಅಂಗಡಿಯವರು ನಗಲಿಲ್ಲ. "ಸಾರ್, ಮಗಳಿಗೆ ಗಂಡು ನೋಡೋವಾಗ ನನ್ನ ಕರೀರಿ. ಇಷ್ಟು ನೋಡೋರನ್ನ ನಾನು ಕಂಡಿಲ್ಲ" ಎಂದು ಹೇಳಿ ನಾನು ಆರಿಸಿದ್ದನ್ನು ಕಟ್ಟಿಕೊಟ್ಟು, ಅಂಗಡಿಯ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ನಾನು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು.

ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸಿದರೆ ಸ್ವರ್ಗ. ಪೆಡಲಿನ ಅಂಚಿಗೆ ಬಿಳಿ ಟೇಪು ಅಂಟಿಸಿ ಸೊನ್ನೆಯಿಂದ ಹತ್ತರವರೆಗೆ ಗುರುತು ಹಾಕಿದೆ. ಹಾಡಿನ ಯಾವ ಸಾಲಿಗೆ ಎಷ್ಟು ಎಂದು ಪಟ್ಟಿ ಮಾಡಿದೆ. ಮಗಳೂ ಖುಷಿಯಾಗಿ ಬಚ್ಚಲಮನೆಯಲ್ಲಿ ಮತ್ತೆ ಹಾಡತೊಡಗಿದಳು. ಐದನೆಯ ಸಂಜೆ ಹೆಂಡತಿ ಬಂದು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು.

"ಹೂಂ, ಶುರು ಮಾಡಿ. ನಾನೇ ಜನ ಅಂದ್ಕೊಳ್ಳಿ."

ಅಷ್ಟೇ. ನನ್ನ ಬಲಗಾಲು ನಡುಗಲು ತೊಡಗಿತು. ನೋಡಿದರೆ ಕಾಣದಷ್ಟು ಸಣ್ಣ ನಡುಕ, ಸೆಕೆಂಡಿಗೆ ಸುಮಾರು ಆರು ಸಲ. ಬೇರೆ ಯಾವ ಸಂದರ್ಭದಲ್ಲೂ ಅದು ನನ್ನ ಪ್ಯಾಂಟಿನೊಳಗೇ ಉಳಿದುಹೋಗುತ್ತಿತ್ತು. ಆದರೆ ಅಷ್ಟು ಮುತುವರ್ಜಿಯಿಂದ ಆರಿಸಿದ ಆ ಪೆಡಲು ಒಂದು ಕೂದಲೆಳೆಯಷ್ಟು ಚಲನೆಯನ್ನೂ ಬಿಡದೆ ಆಂಪ್ಲಿಫೈಯರಿಗೆ ಒಪ್ಪಿಸುತ್ತಿತ್ತು. ನನ್ನ ಭಯ ಇಡೀ ಮನೆಗೆ ಕೇಳಿಸಿತು. ಗಿಟಾರು ಹಸಿದ ಮೇಕೆಮರಿಯ ಹಾಗೆ ಬ್ಯಾ-ಬ್ಯಾ-ಬ್ಯಾ ಎಂದಿತು.

ಮಗಳು ಹಾಡು ನಿಲ್ಲಿಸಿದಳು. "ಅಪ್ಪಾ, ಅದು ಅಳ್ತಿದೆ."

"ಇಲ್ಲಮ್ಮ, ಅದು... ಒಂದು ಶೈಲಿ."

"ಕಾಲಿಗೆ ಚಳಿ ಹಿಡಿಯೋ ಶೈಲಿನಾ?" ಎಂದಳು ಹೆಂಡತಿ. "ನನ್ನೊಬ್ಬಳ ಎದುರಿಗೇ ಹೀಗಾದ್ರೆ, ಅಲ್ಲಿ ಮುನ್ನೂರು ಜನ ಇರ್ತಾರೆ."

ಮುನ್ನೂರರಿಂದ ಗುಣಿಸಿ ನೋಡಿದೆ. ಕಾಲಿಗೆ ಮರಳಿನ ಚೀಲ ಕಟ್ಟಿ ನೋಡಿದೆ, ಚೀಲವೂ ನಡುಗಿತು. ಪೆಡಲನ್ನೇ ಬಿಟ್ಟುಬಿಡೋಣವೆಂದರೆ ಗಿಟಾರು ಒಂದೇ ಮಟ್ಟದಲ್ಲಿ ಕೂತು ಮಗಳ ಮೃದು ಸಾಲುಗಳನ್ನು ನುಂಗುತ್ತಿತ್ತು. ಮಾರನೆಯ ದಿನ ಬಚ್ಚಲಮನೆ ಮತ್ತೆ ಮೌನವಾಗಿತ್ತು. ಆ ಮೌನ ನನಗೆ ಮುನ್ನೂರು ಜನಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆ ಸಂಜೆ ಹೆಂಡತಿ ಕೆಲಸದಿಂದ ಬಂದವಳೇ ಚಪ್ಪಲಿ ಬಿಟ್ಟು, ಪೆಡಲನ್ನು ತನ್ನ ಕುರ್ಚಿಯ ಮುಂದಕ್ಕೆ ಎಳೆದುಕೊಂಡು ಪಾದ ಇಟ್ಟಳು. "ನೀವು ನುಡಿಸಿ. ಕಾಲು ನಂದು."

"ಇದಕ್ಕೆ ಅಭ್ಯಾಸ ಬೇಕು ಕಣೇ. ಪಟ್ಟಿ ಇದೆ, ಎರಡನೇ ಸಾಲಿಗೆ ಮೂರೂಕಾಲು..."

"ಇಳಿಜಾರಿನಲ್ಲಿ ಕ್ಲಚ್ ಮೇಲೆ ಗಾಡಿ ನಿಲ್ಲಿಸೋಳಿಗೆ ಮೂರೂಕಾಲು ಹೇಳಿಕೊಡ್ತೀರಾ? ನುಡಿಸ್ರೀ."

ನುಡಿಸಿದೆ. ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುವವರ ಹಾಗೆ ಅವಳು ಶಬ್ದವನ್ನು ಏರಿಸಿ ಇಳಿಸಿದಳು. ಮಗಳ ಧ್ವನಿ ಮೇಲೆ, ಗಿಟಾರು ಅದರ ಕೆಳಗೆ ಚಾಪೆ ಹಾಸಿದ ಹಾಗೆ. ಪಟ್ಟಿಯನ್ನು ಅವಳು ಒಮ್ಮೆಯೂ ನೋಡಲಿಲ್ಲ. ನಾಲ್ಕು ದಿನದ ನನ್ನ ಸಂಶೋಧನೆಯ ಫಲ ಹೆಂಡತಿಯ ಪಾದದಡಿ ಸೇರಿತು. ಒಟ್ಟು ಸಂಸಾರದ ದೃಷ್ಟಿಯಿಂದ ನೋಡಿದರೆ ಇದು ಹೊಸ ಬೆಳವಣಿಗೆಯೇನಲ್ಲ.

ವಾರ್ಷಿಕೋತ್ಸವ ಮಧ್ಯಾಹ್ನ ಮೂರಕ್ಕೆ. ವೇದಿಕೆಯ ಪಕ್ಕದ ಪರದೆಯ ಹಿಂದೆ ಹೆಂಡತಿಗೊಂದು ಕುರ್ಚಿ, ಅದರ ಮುಂದೆ ಪೆಡಲು. ಗಿಟಾರಿನಿಂದ ಅಲ್ಲಿಗೆ ಆರು ಮೀಟರು ವಯರು, ಅಲ್ಲಿಂದ ನನ್ನ ಹಿಂದಿನ ಆಂಪ್ಲಿಫೈಯರಿಗೆ ಇನ್ನೊಂದು ಆರು ಮೀಟರು. ಕುರ್ಚಿಯಲ್ಲಿ ಕೂತ ನನ್ನ ಎರಡೂ ಪಾದಗಳು ನೆಲದ ಮೇಲೆ, ನಿರುದ್ಯೋಗಿಗಳಾಗಿ. ನಾಡಿ ನೂರಾ ಮೂವತ್ತೆರಡು. ಅದಾದ ಮೇಲೆ ಎಣಿಸಲು ಧೈರ್ಯವಾಗಲಿಲ್ಲ. ಹೆಂಡತಿ ಮುನ್ನೂರು ಜನ ಎಂದಿದ್ದಳು, ನಾಲ್ಕುನೂರಕ್ಕೆ ಕಡಿಮೆಯಿರಲಿಲ್ಲ. ಮಗಳು ನನ್ನ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮೈಕು ಹಿಡಿದು ನಿಂತಳು. ಅವಳ ಬೆರಳುಗಳು ಬಿಳಿಚಿಕೊಂಡಿದ್ದವು.

ನಾನು ಶುರು ಮಾಡಿದೆ. ಅವಳು ಹಾಡಿದಳು.

ಆ ಮೂರು ನಿಮಿಷ ಐವತ್ತು ಸೆಕೆಂಡುಗಳ ಬಗ್ಗೆ ನಾನು ಹೇಳಬಲ್ಲದ್ದು ಕಡಿಮೆ. ಕಿವಿಯೊಳಗೆ ನನ್ನದೇ ಹೃದಯ ಡೋಲು ಬಾರಿಸುತ್ತಿತ್ತು. ಅದರ ನಡುವೆ ಮಗಳ ಧ್ವನಿ ಕೇಳಿಸಿತು, ನನ್ನ ತಂತಿಗಳೂ ಕೇಳಿಸಿದವು. ಹಿಂದೆಂದೂ ಇಲ್ಲದಷ್ಟು ಹದವಾಗಿ, ಹಗುರವಾಗಿ. ಹಾಡು ಮುಗಿಯಿತು. ಆಮೇಲೆ ಚಪ್ಪಾಳೆ, ಹಿಂದಿನ ಸಾಲಿನಿಂದಲೂ ಚಪ್ಪಾಳೆ. ಮಗಳು ನಗುತ್ತಿದ್ದಳು. ನಾನೂ ಎದ್ದು ನಿಂತು, ಕಲಾವಿದನಿಗೆ ತಕ್ಕ ವಿನಯದಿಂದ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ.

ನಿರೂಪಣೆ ಮಾಡುತ್ತಿದ್ದ ಅಧ್ಯಾಪಕಿ ಮೈಕಿಗೆ ಬಂದರು. "ಅಬ್ಬಾ! ಯಾವ ವಾದ್ಯದ ಆಸರೆಯೂ ಇಲ್ಲದೆ ಇಷ್ಟು ಧೈರ್ಯವಾಗಿ ಹಾಡೋದು ಸಾಮಾನ್ಯವಲ್ಲ. ಗಿಟಾರ್ ಕೈಕೊಟ್ಟರೂ ಮಗಳ ಪಕ್ಕದಿಂದ ಏಳದೆ, ನುಡಿಸುವ ಹಾಗೆ ಅಭಿನಯಿಸಿ ಧೈರ್ಯ ತುಂಬಿದ ತಂದೆಗೂ ಒಂದು ಚಪ್ಪಾಳೆ!"

ಜನ ತಟ್ಟಿದರು. ನಾನು ಬಗ್ಗಿದವನು ಹಾಗೇ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದೆ. ಮೇಲೆದ್ದರೆ ಮುಖ ತೋರಿಸಬೇಕಲ್ಲ.

ಪರದೆಯ ಹಿಂದೆ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಪೆಡಲು ಹಿಮ್ಮಡಿಯ ಕಡೆಗೆ ಪೂರ್ತಿ ಮಲಗಿತ್ತು. ಬಿಳಿ ಟೇಪಿನ ಮೇಲೆ ಸೊನ್ನೆ.

"ಯಾವಾಗಿನಿಂದ?" ಎಂದೆ.

"ಎರಡನೇ ಸಾಲಿಂದ. ಎಡಕ್ಕೆ ತಿರುಗೋ ಕಡೆ ನೇರ ನುಗ್ಗಿದ್ರಿ. ತಪ್ಪು ಸ್ವರ. ತಕ್ಷಣ ಹಿಮ್ಮಡಿ ಒತ್ತಿದೆ."

"ಒಂದು ತಪ್ಪಿಗೆ ಇಡೀ ಹಾಡಾ? ಆಮೇಲಾದ್ರೂ ಬಿಡಬಹುದಿತ್ತಲ್ಲ!"

"ಬಿಡೋಣ ಅಂತಲೇ ಪರದೆ ಸರಿಸಿ ನೋಡಿದೆ. ಅವಳ ಧ್ವನಿ ಕೇಳಿಸ್ಕೊಳ್ಳೋಕೆ ಅಷ್ಟೂ ಜನ ಮುಂದಕ್ಕೆ ಬಾಗಿ ಕೂತಿದ್ರು ಕಣ್ರೀ. ಅಂಥ ಹೊತ್ತಲ್ಲಿ ಯಾರಾದ್ರೂ ಆಕ್ಸಿಲರೇಟರ್ ಒತ್ತುತ್ತಾರಾ?" ಎಂದಳು. ಆಮೇಲೆ ತುಸು ಮೆತ್ತಗಾಗಿ, "ನಾವು ಕಲಿಸೋ ಕಾರಲ್ಲಿ ನನ್ನ ಕಡೆಗೂ ಒಂದು ಬ್ರೇಕ್ ಇರತ್ತೆ. ನಾನು ಹಾಕಿದ್ದು ಅಂತ ಕಲಿಯೋರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಮಾರನೇ ದಿನ ಬರಲ್ಲ" ಎಂದಳು.

ಕೋಪ ಮಾಡಿಕೊಳ್ಳಬೇಕೆಂದು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಮಗಳು ಓಡಿ ಬಂದು ನನ್ನ ತೋಳು ಹಿಡಿದಳು.

"ಅಪ್ಪಾ, ಆ ಮೇಡಂ ಏನೇನೋ ಹೇಳಿದ್ರು. ನನಗೆ ನಿನ್ನ ಗಿಟಾರ್ ಪೂರ್ತಿ ಕೇಳಿಸ್ತು. ಅದನ್ನ ಕೇಳ್ಕೊಂಡೇ ಹಾಡಿದ್ದು ನಾನು. ನೀನು ಒಂದು ಕಡೆ ತಪ್ಪಿದೆ, ಆಮೇಲೆ ಸರಿ ಮಾಡ್ಕೊಂಡೆ ಅಲ್ವಾ? ಶ್ರುತಿ ಬಿಡದೇ ಇದ್ದದ್ದು ಅದರಿಂದಲೇ."

ಲೆಕ್ಕ ಹಾಕಿದರೆ ಇದು ಸರಿಯೇ. ಎಲೆಕ್ಟ್ರಿಕ್ ಗಿಟಾರಿನ ಬರಿಯ ತಂತಿಯ ಸದ್ದು ಒಂದು ತೋಳಿನಷ್ಟು ದೂರ ಹೋಗುತ್ತದೆ. ಅದರಾಚೆಗೆ ಇಲ್ಲ. ಆ ಸಭೆಯಲ್ಲಿ ನನ್ನ ಗಿಟಾರನ್ನು ಕೇಳಿದವರು ಇಬ್ಬರೇ, ನಾನು ಮತ್ತು ಅವಳು. ನನ್ನ ಕೋಪ ಎಲ್ಲಿಗೆ ಹೋಯಿತೋ ತಿಳಿಯದು. ಕಣ್ಣಿಗೆ ಏನೋ ಬಿದ್ದಂತಾಗಿ ಒರೆಸಿಕೊಂಡೆ.

ಅಷ್ಟರಲ್ಲಿ ನಿರೂಪಕಿಯೂ ಬಂದರು. ಮುಂದಿನ ತಿಂಗಳು ಅಂತರಕಾಲೇಜು ಸ್ಪರ್ಧೆಯಂತೆ, ಮಗಳನ್ನು ಕಳಿಸುತ್ತಾರಂತೆ. "ನೀವೂ ಖಂಡಿತ ಬರಬೇಕು ಸಾರ್. ಗಿಟಾರ್ ಬೇಕಾದ್ರೆ ಬಿಟ್ಟು ಬನ್ನಿ, ಹೊರೋದು ಸುಮ್ನೆ ಕಷ್ಟ."

"ಇಲ್ಲ ಮೇಡಂ, ಗಿಟಾರ್ ಬೇಕೇ ಬೇಕು," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ಅಲ್ಲೂ ಇವತ್ತಿನ ಹಾಗೇ ನುಡಿಸು. ಇದಕ್ಕಿಂತ ಒಂಚೂರೂ ಜಾಸ್ತಿ ಬೇಡ."

ಈಗ ದಿನಾ ಅಭ್ಯಾಸ ನಡೆದಿದೆ. ನನ್ನ ಕೈ ಪಳಗಿದೆ, ಸ್ವರ ತಪ್ಪುವುದಿಲ್ಲ, ಹೆಂಡತಿಯ ಎದುರಿಗೆ ನಾಡಿ ಎಂಬತ್ತೆರಡಕ್ಕೆ ಇಳಿದಿದೆ. ಆದರೂ ಸ್ಪರ್ಧೆಯ ದಿನಾಂಕ ನೆನೆದರೆ ಬೆವರುತ್ತದೆ. ಆ ದಿನ ಎರಡು ಸಾವಿರ ಜನರಂತೆ, ಇರಲಿ. ದೊಡ್ಡ ವೇದಿಕೆಯಂತೆ, ಇರಲಿ. ನನ್ನನ್ನು ಕಾಡುವ ಭಯ ಒಂದೇ: ಅಂದು ಹೆಂಡತಿಗೆ ಶೀತವೋ ಜ್ವರವೋ ಬಂದು, ಅವಳು ಮನೆಯಲ್ಲೇ ಉಳಿದು, ನಾನು ನುಡಿಸಿದ್ದು ಜನರಿಗೆಲ್ಲ ಕೇಳಿಸಿಬಿಟ್ಟರೆ?